ಗಾಳಿಮರದ ತೋಪಿನಲ್ಲಿ ಬಿಟ್ಟುಬಂದವನು

ಜುಬೈದಾ, ನಿಮ್ಮ ಇಬ್ರಾಹಿಂ ಲಾರಿ ಹತ್ತಿ ಉತ್ತರದ ಕಡೆಗೆ ಹೋದದ್ದನ್ನು ನಾನು ನೋಡಿಲ್ಲ. ಅಂಥ ಲಾರಿಯೇ ಇರಲಿಲ್ಲ. ಇಪ್ಪತ್ತು ವರ್ಷಗಳಿಂದ ನಿಮಗೆ ಹೇಳಿಕೊಂಡು ಬಂದದ್ದು ಸುಳ್ಳು. ಅವನು ಸತ್ತಿದ್ದಾನೆ. ಸಾಯುವ ಮೊದಲು ನನ್ನನ್ನು ಹೆಸರು ಹಿಡಿದು ಕರೆದ — ಒಂದು ಸಲವಲ್ಲ, ನಾಲ್ಕು ಸಲ. ನಾನು ಕೇಳಿಸಿಕೊಂಡೆ. ಹೋಗಲಿಲ್ಲ.

ಇಷ್ಟನ್ನು ಬರೆದು ಪೆನ್ನು ಕೆಳಗಿಟ್ಟಿದ್ದೆ. ಇಷ್ಟೇ ಸಾಕಲ್ಲವೇ ಎಂದು ಒಂದು ಮನಸ್ಸು ಹೇಳಿತು. ಆದರೆ ಇಷ್ಟೇ ಹೇಳಿದರೆ ಅದೂ ಒಂದು ಬಗೆಯ ಸುಳ್ಳೇ. ಯಾರೇ ಆದರೂ ಹೆದರುತ್ತಿದ್ದರು, ಯುದ್ಧದ ಸಮಯ, ಪಾಪ ವಿಶ್ವನಾಥ ಏನು ಮಾಡಿಯಾನು — ಎಂದು ನೀವೇ ನನ್ನನ್ನು ಕ್ಷಮಿಸಿಬಿಡಬಹುದು. ನಿಮ್ಮ ಸ್ವಭಾವ ನನಗೆ ಗೊತ್ತು. ಅದಕ್ಕೇ ಪೂರ್ತಿ ಬರೆಯುತ್ತೇನೆ.

ನಾವಿಬ್ಬರೂ ಕುವೈತಿನ ಸಬ್ಹಾನಿನ ಕ್ಯಾಂಪಿನಲ್ಲಿ ಒಂದೇ ಕೋಣೆಯಲ್ಲಿ ಇದ್ದದ್ದು ನಿಮಗೆ ಗೊತ್ತಿದೆ. ಅವನು ಶುವೈಖ್ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ; ನಾನು ಕ್ಯಾಂಪಿನ ಹತ್ತಿರದ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ನನಗಿಂತ ನಾಲ್ಕು ವರ್ಷ ಚಿಕ್ಕವನು, ಆದ್ದರಿಂದ ವಿಶ್ವಣ್ಣ ಎನ್ನುತ್ತಿದ್ದ. ನಾನು ಇಬ್ರಾಯಿ ಎನ್ನುತ್ತಿದ್ದೆ. ಮಾತು ತುಳುವಿನಲ್ಲಿ. ಅವನಿಗೆ ಸಿಟ್ಟು ಬಂದರೆ ಮಾತ್ರ ಬ್ಯಾರಿ ಭಾಷೆ. ಅದೂ ವರ್ಷಕ್ಕೊಮ್ಮೆಯೋ ಎರಡು ಸಲವೋ.

ನಮ್ಮ ಗೋದಾಮಿನ ಮ್ಯಾನೇಜರ್ ಒಬ್ಬ ಇಂಗ್ಲಿಷಿನವ. ವಸಂತ ಬಂದರೆ ಅವನಿಗೆ ಊರಿನ ಹುಚ್ಚು ಹಿಡಿಯುತ್ತಿತ್ತು. ತಮ್ಮೂರಲ್ಲಿ ಈ ಕಾಲದಲ್ಲಿ ಜನ ಕಾಡಿನೊಳಗೆ ಸುಮ್ಮನೆ ನಡೆಯುತ್ತಾರೆ, ನಡೆದು ದಣಿದು ಕಾಡಿನಂಚಿನ ಪಬ್ಬಿನಲ್ಲಿ ಊಟ ಮಾಡುತ್ತಾರೆ ಎಂದು ಹೇಳುತ್ತಿದ್ದ. ಇದನ್ನು ನಾನು ಇಬ್ರಾಯಿಗೆ ಹೇಳಿದೆ. ಕೆಲಸವಿಲ್ಲದೆ ಸುಮ್ಮನೆ ನಡೆಯುವುದಾ ಎಂದು ಅವನು ನಕ್ಕ. ಆಮೇಲೆ, "ನಮಗೂ ಕಾಡು ಉಂಟಲ್ಲ ವಿಶ್ವಣ್ಣ, ಹೋಗುವ" ಎಂದ.

ಕಾಡೆಂದರೆ ಕ್ಯಾಂಪಿನ ಹಿಂದೆ, ಮರಳು ಹಾರಿ ಬರುವುದನ್ನು ತಡೆಯಲು ಯಾವ ಕಾಲದಲ್ಲೋ ನೆಟ್ಟ ಮರಗಳು. ಅರಬ್ಬರು ಅದಕ್ಕೆ ಅಥ್ಲ್ ಎನ್ನುತ್ತಿದ್ದರು. ನೋಡಲು ಥೇಟು ನಮ್ಮ ಕಡಲ ಬದಿಯ ಗಾಳಿಮರ — ಅದೇ ಸೂಜಿಯಂಥ ಎಲೆ, ಅದೇ ಸುಂಯ್ ಎನ್ನುವ ಸದ್ದು. ಕಣ್ಣು ಮುಚ್ಚಿ ನಿಂತರೆ ಊರಿನ ಕಡಲ ದಂಡೆಯಲ್ಲಿ ನಿಂತ ಹಾಗೆ. ಸಾವಿರದ ಒಂಬೈನೂರ ತೊಂಬತ್ತರ ವಸಂತದಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ನಾವು ಆ ತೋಪಿನ ನಡುವಿನ ಕಾಲುದಾರಿಯಲ್ಲಿ ನಡೆದೆವು. ಚಳಿಗಾಲದ ಮಳೆಗೆ ಮರಳಿನಲ್ಲಿ ಹಳದಿ ಹೂ ಬಿಟ್ಟಿರುತ್ತಿತ್ತು. ಹೆಣ್ಣು ಮಗು ಹುಟ್ಟಿದೆಯೆಂಬ ನಿಮ್ಮ ಪತ್ರವನ್ನು ಅವನು ನನಗೆ ಓದಿ ಹೇಳಿದ್ದು ಅಲ್ಲೇ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದ. ಸಫಿಯಾ ಎಂಬ ಹೆಸರನ್ನು ಮರಗಳಿಗೆಲ್ಲ ಕೇಳುವ ಹಾಗೆ ಕೂಗಿದ.

ಆಮೇಲೆ ಅವನು ಜುಮಾ ನಮಾಜಿಗೆ ಹೋಗಿ ಬರುತ್ತಿದ್ದ. ನಾನು ಹಂಝಾಕನ ಹೋಟೆಲಿನಲ್ಲಿ ಕಾಯುತ್ತಿದ್ದೆ. ಹಂಝಾಕ ನಮ್ಮ ಕಡೆಯ ಬ್ಯಾರಿ, ವಯಸ್ಸಾದವರು. ತಗಡಿನ ಮಾಡಿನ ಕೆಳಗೆ ನಾಲ್ಕು ಮೇಜು ಹಾಕಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸುತ್ತಿದ್ದರು. ಕುವೈತಿನಲ್ಲಿ ಬಿಯರ್ ಎಲ್ಲಿಂದ? ಮಜ್ಜಿಗೆ ಲೋಟ ಎತ್ತಿ ಹಿಡಿದು ಇಬ್ರಾಯಿ, "ಹಂಝಾಕ, ನಿಮ್ಮದು ಈಗ ಪಬ್ಬು" ಎನ್ನುತ್ತಿದ್ದ. "ಅಸ್ತಗ್‌ಫಿರುಲ್ಲಾ, ಎಂತ ಮಾತು ಹೇಳ್ತೀಯೋ" ಎಂದು ಅವರು ಸೌಟು ತೋರಿಸುತ್ತಿದ್ದರು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು.

ಅದನ್ನೆಲ್ಲ ನೀವು ರೇಡಿಯೋದಲ್ಲಿ ಕೇಳಿದ್ದೀರಿ. ನಿಮಗೆ ಗೊತ್ತಿಲ್ಲದ್ದನ್ನು ಮಾತ್ರ ಹೇಳುತ್ತೇನೆ. ನಮ್ಮವರೆಲ್ಲ ಬಸ್ಸುಗಳಲ್ಲಿ ಬಾಗ್ದಾದಿನ ಮೇಲೆ ಜೋರ್ಡಾನಿಗೆ ಹೋಗಿ ವಿಮಾನ ಹತ್ತುತ್ತಿದ್ದರಲ್ಲ, ಇಬ್ರಾಯಿ ಕೂಡ ಹೆಸರು ಬರೆಸಿದ್ದ. ಬಸ್ಸಿನಲ್ಲಿ ಕೂತಿದ್ದ. ಮಡಿಲಲ್ಲಿ ಚೀಲ ಇತ್ತು. ನಾನು ಕೆಳಗೆ ನಿಂತು ಕೈ ಬೀಸುತ್ತಿದ್ದೆ. ಬಸ್ಸು ಹೊರಡುವ ಹೊತ್ತಿಗೆ ಇಳಿದು ಬಂದುಬಿಟ್ಟ. "ನಿಮ್ಮೊಬ್ಬರನ್ನೇ ಬಿಟ್ಟು ಹೋಗ್ಲಿಕ್ಕೆ ಮನಸ್ಸು ಬರುವುದಿಲ್ಲ ಮಾರಾಯ್ರೆ" ಎಂದ. ನಾನು ಬೈದೆ. ಒಳಗೊಳಗೆ ಸಂತೋಷಪಟ್ಟೆ.

ನಾನೇಕೆ ಹೋಗಲಿಲ್ಲ ಎಂದು ಅವನು ಎಂದೂ ಕೇಳಲಿಲ್ಲ. ವೀಸಾ ಕೊಟ್ಟ ಧಣಿ, ಅಂದರೆ ಕಫೀಲ್, ಗೋದಾಮಿನ ಕೀಲಿಕೈ ನನ್ನ ಕೈಯಲ್ಲಿಟ್ಟು ಸಂಸಾರ ಸಮೇತ ಗಡಿ ದಾಟಿದ್ದಾನೆ, ನಂಬಿಕೆ ಮುರಿಯಬಾರದು, ನಾನು ಬೀಗದ ಎದುರು ಕಾವಲು ಕೂರುತ್ತೇನೆ — ಇದು ನಾನು ಅವನಿಗೆ ಹೇಳಿದ್ದು. ನಿಜವೇನೆಂದರೆ, ಮೊದಲ ವಾರದಲ್ಲೇ ಸೈನಿಕರು ಬಂದು ಬಾಗಿಲು ಬಡಿದಾಗ ನಾನು ಕೀಲಿಕೈ ಕೊಟ್ಟುಬಿಟ್ಟಿದ್ದೆ. ಅಷ್ಟೇ ಅಲ್ಲ. ಅವರ ಸಾಮಾನನ್ನು ಇಳಿಸಿ, ಎಣಿಸಿ, ಜೋಡಿಸಿ ಇಡಲು ಒಬ್ಬ ಸ್ಟೋರ್ ಕೀಪರ್ ಬೇಕಿತ್ತು. ಆ ಸ್ಟೋರ್ ಕೀಪರ್ ನಾನಾದೆ. ಹೊಡೆಯಲಿಲ್ಲ, ಬಂದೂಕು ತೋರಿಸಲಿಲ್ಲ. ಕೇಳಿದರು, ಒಪ್ಪಿದೆ. ದಿನಕ್ಕಿಷ್ಟು ಹಿಟ್ಟು, ಖರ್ಜೂರ ಕೊಡುತ್ತಿದ್ದರು. ಕಫೀಲನ ದಾಸ್ತಾನಿನದು ಎಂದು ಹೇಳಿ ಅದನ್ನೇ ಕೋಣೆಗೆ ತರುತ್ತಿದ್ದೆ. ಇಬ್ರಾಯಿ ಬಿಸ್ಮಿಲ್ಲಾ ಹೇಳಿ ಉಣ್ಣುತ್ತಿದ್ದ.

ಜನವರಿಯಲ್ಲಿ ಹಸಿರು ಬಣ್ಣದ ಮರದ ಪೆಟ್ಟಿಗೆಗಳು ಬಂದವು. ಒಳಗೆ ಏನಿದೆ ಎಂದು ನಾನು ಕೇಳದಿದ್ದರೂ ಒಬ್ಬ ಸೈನಿಕ ನಗುತ್ತ ಹೇಳಿದ — ನೆಲದಲ್ಲಿ ಹೂತಿಡುವ ಬಾಂಬುಗಳು. ನಾಲ್ಕು ದಿನದ ಮೇಲೆ ಅವನ್ನು ಲಾರಿಗೆ ಹೇರಿದರು. ಲಾರಿ ಗೇಟು ದಾಟಿ ಎಡಕ್ಕೆ ತಿರುಗಿತು. ಎಡಕ್ಕೆ ತಿರುಗಿದರೆ ಇರುವುದು ತೋಪಿನ ದಾರಿ. ತೋಪಿಗೇ ಹೋಯಿತೋ, ತೋಪು ದಾಟಿ ಆಚೆ ಹೋಯಿತೋ, ನಾನು ನೋಡಿಲ್ಲ. ಈ ಒಂದು 'ನೋಡಿಲ್ಲ'ವನ್ನು ಎಷ್ಟು ವರ್ಷ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದೆ ಎಂದರೆ...

ಹೋಗಲಿ. ನನಗೆ ಗೊತ್ತಿತ್ತು, ಜುಬೈದಾ.

ಫೆಬ್ರವರಿಯ ಕೊನೆಗೆ ಅವರು ಓಡಿಹೋದರು. ಹೋಗುವಾಗ ಎಣ್ಣೆ ಬಾವಿಗಳಿಗೆ ಬೆಂಕಿ ಇಟ್ಟು ಹೋದರು. ಆ ಹೊಗೆಯ ಬಗ್ಗೆ ನಿಮಗೆ ಹೇಳಿದ್ದೇನೆ, ಆದರೆ ಅದು ಹೇಳಿದರೆ ತಿಳಿಯುವಂಥದ್ದಲ್ಲ. ಗಾಳಿ ಆಚೆ ಬೀಸಿದ ದಿನ ಬಿಸಿಲು. ನಮ್ಮ ಕಡೆ ತಿರುಗಿದ ದಿನ ಬೆಳಿಗ್ಗೆ ಹತ್ತು ಗಂಟೆಗೆ ದೀಪ ಹಚ್ಚಬೇಕು. ಕಾರುಗಳು ಹಗಲಲ್ಲೇ ದೀಪ ಉರಿಸಿಕೊಂಡು ಹೋಗುತ್ತಿದ್ದವು. ಒಣಹಾಕಿದ ಬಟ್ಟೆಯ ಮೇಲೆ ಕಪ್ಪು ಹನಿ. ಉಗುಳಿದರೆ ಕಪ್ಪು. ಸೂರ್ಯ ಇದ್ದಾನೋ ಇಲ್ಲವೋ ಗೊತ್ತಾಗದ, ಬೆಳಗೂ ಅಲ್ಲದ ಸಂಜೆಯೂ ಅಲ್ಲದ ಒಂದು ಹೊತ್ತು ದಿನವಿಡೀ ನಿಂತುಬಿಡುತ್ತಿತ್ತು.

ಅವರು ಓಡಿಹೋದ ಮೇಲೆ ಎರಡನೆಯ ಶುಕ್ರವಾರ. ರಂಜಾನಿನ ಉಪವಾಸಕ್ಕೆ ಇನ್ನು ಸ್ವಲ್ಪ ದಿನ ಇತ್ತು. ಹಂಝಾಕ ಹಿಂದಿನ ದಿನವಷ್ಟೇ ಹೋಟೆಲು ತೆರೆದಿದ್ದರು. ಪರಿಹಾರದ ಅಕ್ಕಿ, ಡಬ್ಬದ ಮೀನು. ಮಧ್ಯಾಹ್ನ ಊಟಕ್ಕೆ ಬನ್ನಿ ಎಂದಿದ್ದರು. ಬೆಳಿಗ್ಗೆ ನಾನೇ ಹೇಳಿದೆ, "ಇಬ್ರಾಯಿ, ಹೋದ ವರ್ಷದ ಹಾಗೆ ಒಂದು ಸುತ್ತು ತೋಪಿನಲ್ಲಿ ನಡೆದು ಪಬ್ಬಿಗೆ ಹೋಗುವ."

"ಈಗ ಬೇಡ ವಿಶ್ವಣ್ಣ. ಎಲ್ಲಿ ಎಂತ ಹೂತಿಟ್ಟಿದ್ದಾರೋ. ಕಡಲ ಬದಿಗೆ ಹೋಗಬಾರದು ಅಂತ ರೇಡಿಯೋದಲ್ಲಿ ಹೇಳ್ತಾ ಇದ್ದಾರೆ."

"ಕಡಲ ಬದಿ ಅಲ್ಲವಲ್ಲ ಇದು. ಕಾಲುದಾರಿ ಬಿಟ್ಟು ಇಳಿಯುವುದು ಬೇಡ, ಆಯ್ತಲ್ಲ?"

ಯಾಕೆ ಹೇಳಿದೆ? ಏಳು ತಿಂಗಳು ನಾನು ಮಾಡಿದ್ದೆಲ್ಲ ಆಗಿಯೇ ಇಲ್ಲ, ಎಲ್ಲ ಮೊದಲಿನಂತೆಯೇ ಇದೆ — ಇದನ್ನು ಯಾರಿಗೋ ತೋರಿಸಬೇಕಿತ್ತು. ಕಾಲುದಾರಿಯಲ್ಲಿ ಸೈನಿಕರೇ ಓಡಾಡುತ್ತಿದ್ದರು, ಅಲ್ಲಿ ಇಟ್ಟಿರಲಾರರು ಎಂಬ ಲೆಕ್ಕಾಚಾರ ಕೂಡ ಇತ್ತು. ಗಮನಿಸಿ — ನಾನು ಲೆಕ್ಕ ಹಾಕಿದ್ದೆ. ಅವನಿಗೆ ಹೇಳದೆ ಹಾಕಿದ್ದೆ.

ಅಂದು ಗಾಳಿ ನಮ್ಮ ಕಡೆಗೇ ಇತ್ತು. ತೋಪಿನ ಬಾಯಿಗೆ ಹೋಗುವಾಗ ಹತ್ತೂವರೆ ಆಗಿರಬೇಕು, ಆದರೆ ಐವತ್ತು ಅರವತ್ತು ಹೆಜ್ಜೆ ಆಚೆಯದು ಕಾಣಿಸುತ್ತಿರಲಿಲ್ಲ. ಮರಗಳ ಎಲೆ ಎಲ್ಲ ಎಣ್ಣೆ ಅಂಟಿ ಕೂದಲಿನ ಹಾಗೆ ಜೋತುಬಿದ್ದಿತ್ತು. ಗಾಳಿ ಬೀಸುತ್ತಿತ್ತು, ಆದರೆ ಗಾಳಿಮರದ ಸದ್ದು ಇಲ್ಲ. ಹಕ್ಕಿಯಿಲ್ಲ. ನಮ್ಮ ಹೆಜ್ಜೆಯ ಸದ್ದು ಕೂಡ ಇಲ್ಲ — ಮರಳಿನ ಮೇಲೆ ಮಸಿಯ ತೆಳ್ಳನೆ ಪದರ, ಕಾಲಿಟ್ಟರೆ ಒಡೆದು, ಕೆಳಗಿನ ಬಿಳಿ ಮರಳು ಹೆಜ್ಜೆಯ ಆಕಾರದಲ್ಲಿ ಮೇಲೆ ಕಾಣುತ್ತಿತ್ತು. ಇಬ್ರಾಯಿ ಮುಂದೆ, ನಾನು ಹಿಂದೆ. ಹೋದ ವರ್ಷ ನಾವು ಅಕ್ಕಪಕ್ಕ ನಡೆದಿದ್ದೆವು. ಅಂದು ನಾನು ಹಿಂದೆ ಉಳಿದೆ. ಅವನ ಬಿಳಿ ಹೆಜ್ಜೆಗಳ ಮೇಲೇ ನನ್ನ ಹೆಜ್ಜೆ ಇಡುತ್ತ ಹೋದೆ.

ಹೌದು. ಅದನ್ನೂ ಬರೆದಿದ್ದೇನೆ. ಇನ್ನು ಮುಂದಿನದು.

ಅರ್ಧ ದಾರಿಯಲ್ಲಿ ಅವನು ನಿಂತ. "ಕೇಳ್ತದಾ?" ಎಂದ. ಮೊದಲು ನನಗೆ ಏನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಟಿಕ್, ಟಿಕ್, ಟಿಕ್.

ದಾರಿಯ ಬಲಕ್ಕೆ, ನಲವತ್ತು ಐವತ್ತು ಹೆಜ್ಜೆ ಒಳಗೆ, ಮರಗಳ ನಡುವೆ ಯಾರದೋ ಮನೆಯ ಹಜಾರ ಇತ್ತು. ಬೇರೆ ಹೇಗೆ ಹೇಳಲಿ? ಸೈನಿಕರು ಕುವೈತಿಗಳ ಮನೆಯಿಂದ ಹೊತ್ತು ತಂದದ್ದು — ಕೆಂಪು ಸೋಫಾ, ಕಂಬಳಿ, ಗಾಜಿನ ಟೀಪಾಯಿ, ಅದರ ಮೇಲೆ ಮೂರು ಟೀ ಲೋಟ. ಎಲ್ಲದರ ಮೇಲೂ ಮಸಿ. ಗೋಡೆಗಳಿಲ್ಲದ ಮನೆ, ಮನೆಯವರು ಈಗಷ್ಟೇ ಎದ್ದು ಒಳಗೆ ಹೋದ ಹಾಗೆ. ಒಂದು ಮರದ ಕಾಂಡಕ್ಕೆ ಮೊಳೆ ಹೊಡೆದು ದೊಡ್ಡ ಲೋಲಕದ ಗಡಿಯಾರ ತೂಗುಹಾಕಿದ್ದರು. ಲೋಲಕ ಆಡುತ್ತಿತ್ತು.

ಸೈನಿಕರು ಓಡಿಹೋಗಿ ಹತ್ತು ದಿನ ಆಗಿತ್ತು. ತಿಂಗಳಿಗೊಮ್ಮೆ ಕೀ ಕೊಟ್ಟರೆ ಸಾಕಾಗುವ ಗಡಿಯಾರಗಳೂ ಇವೆ ಎಂದು ಬಹಳ ವರ್ಷಗಳ ಮೇಲೆ ಊರಿನ ಗಡಿಯಾರ ರಿಪೇರಿಯವನೊಬ್ಬ ಹೇಳಿದ. ಆಗ ನಮಗೆ ಗೊತ್ತಿರಲಿಲ್ಲ. ಆಗ ಒಂದೇ ಅರ್ಥ ಹೊಳೆಯಿತು — ಯಾರೋ ಕೀ ಕೊಡುತ್ತಿದ್ದಾರೆ. ಯಾರೋ ಅಲ್ಲಿದ್ದಾರೆ.

ನಾನು ಓಡಲು ಸಿದ್ಧನಾದೆ. ಇಬ್ರಾಯಿ ಬೇರೆ ರೀತಿ ಯೋಚಿಸಿದ. ಅವನು ಯಾವಾಗಲೂ ಹಾಗೆಯೇ ಅಲ್ಲವೇ? "ಯಾರಾದರೂ ಗಾಯ ಆಗಿ ಬಿದ್ದಿರಬಹುದು ವಿಶ್ವಣ್ಣ. ಓಡ್ಲಿಕ್ಕೆ ಆಗದೆ ಉಳಿದವ. ಹತ್ತು ದಿನದಿಂದ ನೀರು ಕೂಡ ಸಿಕ್ಕಿರ್ಲಿಕ್ಕಿಲ್ಲ."

"ಸೈನಿಕ ಅವ. ನಿನಗೆ ಎಂತಕ್ಕೆ?"

"ಸೈನಿಕ ಆದರೂ ಬಾಯಾರಿಕೆ ಆಗ್ತದಲ್ಲ."

ದಾರಿಯ ಅಂಚಿನಲ್ಲಿ ನಿಂತು ಆ ಕಪ್ಪು ಮರಳನ್ನು ನೋಡಿದ. ನಂತರ ತಿರುಗಿ ನನ್ನ ಮುಖ ನೋಡಿದ. ಏಳು ತಿಂಗಳೂ ಈ ತೋಪಿನ ಪಕ್ಕದ ಗೋದಾಮಿನಲ್ಲಿ ಕೂತವನು ನಾನು; ಇಲ್ಲಿ ಏನೇನು ನಡೆದಿದೆ ಎಂದು ತಿಳಿದಿದ್ದರೆ ನನಗೇ ತಿಳಿದಿರಬೇಕು. ಅದಕ್ಕೇ ಕೇಳಿದ. "ಹೋಗಬಹುದಲ್ವಾ ವಿಶ್ವಣ್ಣ? ಇಲ್ಲಿ ಎಂತ ಇಟ್ಟಿಲ್ಲ ಅಲ್ವಾ?"

ಬೇಡ ಎನ್ನಬೇಕಿತ್ತು. ಬೇಡ ಎಂದರೆ ಯಾಕೆ ಎನ್ನುತ್ತಿದ್ದ. ಯಾಕೆ ಎಂದರೆ ಹಸಿರು ಪೆಟ್ಟಿಗೆಗಳ ಮಾತು ಬರುತ್ತಿತ್ತು. ಅದು ಬಂದರೆ ಕೀಲಿಕೈಯ ಮಾತು, ಹಿಟ್ಟಿನ ಮಾತು, ಅವನು ನಂಬಿ ಉಂಡ ಅನ್ನದ ಮಾತು... ಇಷ್ಟೆಲ್ಲ ಒಂದು ಕ್ಷಣದಲ್ಲಿ ಮನಸ್ಸಿನಲ್ಲಿ ಓಡಿತು ಎಂದರೆ ನೀವು ನಂಬುತ್ತೀರಾ? ಓಡಿತು. ಅವನ ಕಣ್ಣಿನಲ್ಲಿ ನಾನು ಚಿಕ್ಕವನಾಗುವುದು ನನಗೆ ಬೇಡವಾಗಿತ್ತು.

"ಎಂತ ಆಗುವುದಿಲ್ಲ" ಎಂದೆ. "ಹೋಗು."

ಬಿಸ್ಮಿಲ್ಲಾ ಎಂದು ಇಳಿದ. ಸುಮಾರು ಮೂವತ್ತು ಹೆಜ್ಜೆ ಹೋದ. ಅವನ ಅಂಗಿ ಹೊಗೆಯಲ್ಲಿ ಮಸುಕಾಗುತ್ತ ಇತ್ತು. ಸದ್ದು ನಾನು ಊಹಿಸಿದಷ್ಟು ದೊಡ್ಡದಿರಲಿಲ್ಲ — ಯಾರೋ ದಪ್ಪ ಹಲಗೆಯನ್ನು ನೆಲಕ್ಕೆ ಬಡಿದ ಹಾಗೆ, ಅಷ್ಟೇ. ಮರಳು ಎದ್ದಿತು. ಮರಗಳ ಮೇಲಿನ ಮಸಿ ಮಳೆಯಂತೆ ಉದುರಿತು. ಆಮೇಲೆ ಅವನು ಕಾಣಿಸಲಿಲ್ಲ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ, ತೀರ ಸಹಜವಾದ ದನಿಯಲ್ಲಿ, ಕೋಣೆಯ ಆಚೆ ಮೂಲೆಯಿಂದ ಕರೆದ ಹಾಗೆ — "ವಿಶ್ವಣ್ಣಾ."

ನನ್ನ ಅಜ್ಜಿ ಹೇಳುತ್ತಿದ್ದಳು, ನಿರ್ಜನ ಜಾಗದಲ್ಲಿ ಮರಗಳ ನಡುವಿನಿಂದ ಹೆಸರು ಹಿಡಿದು ಯಾರಾದರೂ ಕರೆದರೆ ಮೂರನೆಯ ಸಲದವರೆಗೆ ಓಗೊಡಬಾರದು, ಸತ್ತವರು ಮೂರು ಸಲ ಕರೆಯಲಾರರು ಎಂದು. ಆ ಹೊತ್ತಿನಲ್ಲಿ ಅದು ನೆನಪಾಯಿತು. ನೆನಪಾಯಿತೋ, ಬೇಕೆಂದೇ ನೆನಪು ಮಾಡಿಕೊಂಡೆನೋ. ನಾನು ಸುಮ್ಮನೆ ನಿಂತೆ.

"ವಿಶ್ವಣ್ಣಾ, ಬಲೆ." ಬನ್ನಿ ಎಂದು.

ಲೋಲಕದ ಸದ್ದು ಕೇಳುತ್ತಲೇ ಇತ್ತು.

"ವಿಶ್ವಣ್ಣಾ, ಓಲುಲ್ಲರ್?" ಎಲ್ಲಿದ್ದೀರಿ ಎಂದು. ಅದು ಮೂರನೆಯದು. ಅಜ್ಜಿಯ ಮಾತಿನ ಪ್ರಕಾರವೂ ಈಗ ಓಗೊಡಬೇಕಿತ್ತು. ನಾನು ಬಾಯಿಗೆ ಕೈ ಅಡ್ಡ ಹಿಡಿದುಕೊಂಡೆ. ನಾನು ಅಲ್ಲೇ ಇದ್ದೇನೆ ಎಂದು ಅವನಿಗೆ ತಿಳಿಯಬಾರದು ಎಂದು.

ಗಡಿಯಾರ ಹನ್ನೊಂದು ಹೊಡೆಯಿತು. ಒಂದೊಂದು ಹೊಡೆತವೂ ಆ ಕತ್ತಲಲ್ಲಿ ಸಾವಕಾಶವಾಗಿ ಬಂತು. ಎಲ್ಲ ಮುಗಿದ ಮೇಲೆ ಅವನು ನಾಲ್ಕನೆಯ ಸಲ ಕರೆದ. ಈ ಸಲ ಅಣ್ಣ ಇರಲಿಲ್ಲ, ಬರೀ ಹೆಸರು. ನಾನು ತಿರುಗಿ, ಬಂದ ಹೆಜ್ಜೆಗಳ ಮೇಲೇ ಕಾಲಿಡುತ್ತ ಹೊರಗೆ ಬಂದೆ.

ಹೋಗಿ ಎತ್ತಿಕೊಂಡು ಬರಲಿಲ್ಲವಲ್ಲ ಎಂದು ನಾನು ಅಳುತ್ತಿಲ್ಲ. ಅಲ್ಲಿಗೆ ಇಳಿಯಲು ಹೆದರಿದ್ದಕ್ಕೆ ದೇವರು ಕೂಡ ಕ್ಷಮಿಸಿಯಾನು. ಆದರೆ ತೋಪಿನ ಹೊರಗೆ, ಹತ್ತು ನಿಮಿಷದ ದಾರಿಯಲ್ಲಿ, ಕುವೈತನ್ನು ಬಿಡಿಸಲು ಬಂದ ಸೈನ್ಯದವರ ಚೆಕ್‌ಪೋಸ್ಟ್ ಇತ್ತು. ಅವರಲ್ಲಿ ಬಾಂಬು ತೆಗೆಯುವವರಿದ್ದರು, ಆಂಬುಲೆನ್ಸ್ ಇತ್ತು. ನಾನು ಅದರ ಎದುರಿನಿಂದಲೇ ನಡೆದೆ. ಒಬ್ಬ ಕೆಂಪು ಮುಖದ ಸೈನಿಕ ನನ್ನ ಮಸಿ ಹಿಡಿದ ಬಟ್ಟೆ ನೋಡಿ, "ಯೂ ಓಕೆ?" ಎಂದು ಕೇಳಿದ.

"ಓಕೆ" ಎಂದೆ.

ನೀರಿನ ಬಾಟಲಿ ಕೊಟ್ಟ. ತೆಗೆದುಕೊಂಡೆ. ಇರಾಕಿಗಳಿಗೆ ಕೆಲಸ ಮಾಡಿದವರನ್ನು ಮನೆ ಮನೆ ಹುಡುಕಿ ಒಯ್ಯುತ್ತಿದ್ದ ದಿನಗಳು ಅವು. ತೋಪಿನಲ್ಲಿ ಬಾಂಬು ಇದೆ ಎಂದು ಹೇಳಿದರೆ, ನೀನು ಯಾರು, ಎಲ್ಲಿದ್ದೆ, ಇಕಾಮಾ ಪರವಾನಗಿ ತೋರಿಸು ಎನ್ನುತ್ತಿದ್ದರು. ಅಷ್ಟಕ್ಕೆ ನಾನು ಓಕೆ ಎಂದೆ. ಇಬ್ರಾಯಿ ಆಗ ಬದುಕಿದ್ದ.

ಹಂಝಾಕನ ಹೋಟೆಲಿಗೆ ಹೋಗಿ ಕೈ, ಮುಖ ತೊಳೆದೆ. ಲಾಟೀನು ಹಚ್ಚಿಟ್ಟಿದ್ದರು. ಜುಮಾ ಮುಗಿಸಿ ಅವರು ಬರುವವರೆಗೆ ಬೆಂಚಿನ ಮೇಲೆ ಕೂತಿದ್ದೆ. ಬಂದವರು ಮೇಜಿನ ಮೇಲೆ ಎರಡು ತಟ್ಟೆ ಇಟ್ಟರು.

"ಇಬ್ರಾಯಿ ಎಲ್ಲಿ? ಜುಮಾದಲ್ಲಿಯೂ ಕಾಣ್ಲಿಲ್ಲ."

"ಅವ ಬರ್ಲಿಲ್ಲ" ಎಂದೆ.

"ಸೌಖ್ಯ ಇಲ್ವಾ?"

"ಉತ್ತರದಲ್ಲಿ ಎಂತದೋ ಕೆಲಸ ಉಂಟಂತೆ. ಬೆಳಿಗ್ಗೆಯೇ ಲಾರಿ ಹತ್ತಿ ಹೋದ."

ಆ ಸುಳ್ಳು ಹುಟ್ಟಿದ್ದು ಅಲ್ಲಿ. ಮೊದಲೇ ಯೋಚಿಸಿಟ್ಟದ್ದಲ್ಲ, ಕೈ ಒರೆಸಿಕೊಂಡಷ್ಟು ಸುಲಭವಾಗಿ ಬಂತು. ಹಂಝಾಕ ಒಂದು ತಟ್ಟೆ ಒಳಗೆ ಒಯ್ದರು. ನಾನು ಉಂಡೆ. ಅನ್ನ, ಡಬ್ಬದ ಮೀನಿನ ಸಾರು. ರುಚಿಯಾಗಿತ್ತು. ಏಳು ತಿಂಗಳ ಮೇಲೆ ತಿಂದ ಬಿಸಿ ಸಾರು — ಎರಡನೆಯ ಸಲ ಅನ್ನ ಹಾಕಿಸಿಕೊಂಡೆ, ಜುಬೈದಾ. ನನಗೆ ನನ್ನ ಮೇಲೆ ಅತ್ಯಂತ ಹೇಸಿಗೆ ಆಗುವುದು ಆ ಕರೆಗಳಿಂದಲ್ಲ. ಆ ಎರಡನೆಯ ಸಲದ ಅನ್ನದಿಂದ.

ಮರುದಿನ ಗಾಳಿ ತಿರುಗಿ ಬಿಸಿಲು ಬಂತು. ತೋಪಿನ ಅಂಚಿನವರೆಗೆ ಹೋದೆ. ಒಳಗೆ ಹೋಗಲಿಲ್ಲ. "ಇಬ್ರಾಯಿ" ಎಂದು ಕರೆದೆ — ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ. ಉತ್ತರ ಬಂದೀತೆಂಬ ಭಯ ಇತ್ತು. ಬರಲಿಲ್ಲ. ನಿಜ ಹೇಳುತ್ತೇನೆ, ಬರದಿದ್ದಾಗ ನನಗೆ ಹಾಯೆನಿಸಿತು.

ಆ ಬೇಸಿಗೆಯಲ್ಲಿ ತೋಪು ಚೊಕ್ಕ ಮಾಡಲು ಬಂದವರಿಗೆ ಅವನು ಸಿಕ್ಕಿದ. ಒಂದು ದಿನ ಊಟ ಬಡಿಸುತ್ತ ಹಂಝಾಕ ಹೇಳಿದರು, "ಗಾಳಿಮರದ ತೋಪಿನಲ್ಲಿ ಒಂದು ಮಯ್ಯತ್ ಸಿಕ್ಕಿತಂತೆ. ಓಡಿಹೋಗದೆ ಉಳಿದ ಇರಾಕಿ ಇರಬೇಕು ಅಂತ ಹೇಳ್ತಾರೆ. ಪಾಪ, ಕಾಲಿಗೆ ತಾನೇ ಬೆಲ್ಟು ಬಿಗಿದುಕೊಂಡಿದ್ದನಂತೆ. ಬಿದ್ದ ಜಾಗದಿಂದ ದಾರಿಯ ಕಡೆಗೆ ತುಂಬ ದೂರ ತೆವಳಿದ್ದನಂತೆ." ಹೇಳುತ್ತ ಹೇಳುತ್ತ ನನ್ನ ಮುಖ ನೋಡಿದರು. ಅವರ ಸೌಟು ಗಾಳಿಯಲ್ಲೇ ನಿಂತಿತು. ನನ್ನ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಅಂದಿನಿಂದ ನನ್ನೊಡನೆ ಮಾತಾಡಲಿಲ್ಲ. ವರ್ಷದ ಮೇಲೆ ಹೋಟೆಲು ಮಾರಿ ಊರಿಗೆ ಹೋದರು. ಅವರೂ ಈಗ ಇಲ್ಲ.

ಹೆಸರಿಲ್ಲದ ಹೆಣಗಳನ್ನು ಮಣ್ಣು ಮಾಡುವ ಒಂದು ಖಬರಸ್ತಾನ ಅಲ್ಲಿದೆ. ಎಲ್ಲಿಯದೆಂದು ನನಗೆ ಗೊತ್ತು. ಹೋಗಿದ್ದೆ. ಕಾಯುವವನು ಒಬ್ಬ ಬಿಹಾರಿ. ತೋಪಿನಿಂದ ಬಂದವನದು ಯಾವುದು ಎಂದು ಕೇಳಿದ್ದಕ್ಕೆ ತೋರಿಸಿದ. ಬೇಲಿಯ ಪಕ್ಕದ ಸಾಲು, ಕೊನೆಯಿಂದ ಮೂರನೆಯದು, ತಲೆಯ ಬಳಿ ಒಂದು ಕಲ್ಲು. ನಮಾಜ್ ಮಾಡಿಯೇ ಮಣ್ಣು ಮಾಡಿದ್ದಾರೆ, ಅಷ್ಟನ್ನು ಕೇಳಿ ತಿಳಿದುಕೊಂಡೆ. ಹೆಸರು ಹೇಳಲು ಬಾಯಿ ತೆರೆದೆ. "ಆಪ್ ಕಾ ಕೌನ್ ಥಾ ಭಾಯಿ?" ಎಂದು ಕೇಳಿದ. ಯಾರೂ ಅಲ್ಲ ಎಂದು ಬಂದುಬಿಟ್ಟೆ.

ನಿಮಗೆ ಬರೆದ ಪತ್ರ ಅದಕ್ಕಿಂತ ಮೊದಲೇ ಹೋಗಿತ್ತು. ಲಾರಿ ಹತ್ತಿದ, ಆರೋಗ್ಯವಾಗಿದ್ದ, ನಗುತ್ತಿದ್ದ ಎಂದೆಲ್ಲ ಬರೆದಿದ್ದೆ. ನಗುತ್ತಿದ್ದ ಎಂಬುದನ್ನು ಯಾಕೆ ಸೇರಿಸಿದೆನೋ. ನೀವು ಪಕ್ಕದ ಮನೆಯ ಹುಡುಗಿಯಿಂದ ಬರೆಸಿದ ಉತ್ತರ ಬಂತು: 'ಅಣ್ಣಾ, ನೀವು ಕಣ್ಣಾರೆ ನೋಡಿದ್ದೀರಲ್ಲ, ನನಗೆ ಅಷ್ಟು ಸಾಕು.' ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ನಿಮ್ಮ ಮನೆಗೆ ಬಂದೆ. ಬರದಿದ್ದರೆ ಅನುಮಾನ ಬರುತ್ತದೆಂದು ಬಂದೆ. ನೀವು ಅಕ್ಕಿ ರೊಟ್ಟಿ ಮಾಡಿ ಬಡಿಸಿದಿರಿ. ಪುಟ್ಟ ಸಫಿಯಾ ಬಾಗಿಲ ಮರೆಯಲ್ಲಿ ನಿಂತು, ಅಪ್ಪ ಹೇಗೆ ನಡೆಯುತ್ತಾರೆ, ಅಪ್ಪ ಹೇಗೆ ನಗುತ್ತಾರೆ ಎಂದು ಕೇಳುತ್ತಿದ್ದಳು. ನಾನು ಹೇಳುತ್ತಿದ್ದೆ. ಇಷ್ಟು ವರ್ಷ ಕಾದದ್ದಾಯಿತು, ಬೇರೆ ಮದುವೆಯಾಗಲು ಅಡ್ಡಿಯಿಲ್ಲ ಎಂದು ಮಸೀದಿಯ ಉಸ್ತಾದರು ಹೇಳಿ ಕಳುಹಿಸಿದಾಗ ನಿಮಗೆ ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ. ಒಳ್ಳೆಯ ಸಂಬಂಧವೇ ಬಂದಿತ್ತಂತೆ. ನೀವು ಬೇಡ ಎಂದಿರಿ. 'ಅವರು ತಮ್ಮ ಕಾಲ ಮೇಲೆ ನಡೆದು ಹೋದದ್ದನ್ನು ವಿಶ್ವಣ್ಣ ನೋಡಿದ್ದಾರೆ, ಬಂದೇ ಬರುತ್ತಾರೆ' ಎಂದಿರಂತೆ. ನಿಮ್ಮ ತಮ್ಮ ಇದನ್ನು ನನ್ನ ಎದುರೇ, ನನ್ನನ್ನು ಹೊಗಳುವ ಹಾಗೆ ಹೇಳಿದ. ಆಗಲೂ ಸುಮ್ಮನಿದ್ದೆ. ಹೆಂಡತಿಯೂ ಅಲ್ಲದೆ, ವಿಧವೆಯ ಇದ್ದತ್ ಕೂರಲೂ ಆಗದೆ, ನೀವು ಕಳೆದ ಒಂದೊಂದು ದಿನವೂ ನಾನು ಮಾಡಿದ್ದು.

ಈಗ ಸಫಿಯಾಳ ಮದುವೆ ಎಂದು ನೀವು ಹೇಳಿ ಕಳುಹಿಸಿದ್ದೀರಿ. ನಿಕಾಹ್ ಮಾಡಿಕೊಡಬೇಕಾದವನು ತಂದೆ. ತಂದೆ ಇದ್ದಾನೋ ಇಲ್ಲವೋ ಎಂದು ಜಮಾತಿನವರು ಕೇಳುತ್ತಿದ್ದಾರೆ. ವಿಶ್ವಣ್ಣ, ಕೊನೆಗೆ ನೋಡಿದವರು ನೀವು, ಬರುವ ಶುಕ್ರವಾರ ಬಂದು ನಾಲ್ಕು ಜನರ ಎದುರು ಹೇಳಬೇಕು ಎಂದು. ಅದೇ ಮಾತನ್ನು ಮತ್ತೊಮ್ಮೆ ಹೇಳಲು ನನ್ನಿಂದ ಆಗುತ್ತಿತ್ತು. ಅಭ್ಯಾಸವಾಗಿದೆ. ಅದು ನನ್ನನ್ನು ಹೆದರಿಸಿತು.

ಬರುತ್ತೇನೆ. ಆದರೆ ಶುಕ್ರವಾರವಲ್ಲ, ನಾಳೆಯೇ. ಜಮಾತಿನವರಿಗಿಂತ ಮೊದಲು ನಿಮಗೆ ತಿಳಿಯಬೇಕು. ನಂತರ ಶುಕ್ರವಾರ ಅವರ ಮುಂದೆಯೂ ಹೇಳುತ್ತೇನೆ. ಖಬರಿನ ಸಾಲು, ಕಲ್ಲು ಎಲ್ಲವನ್ನೂ ಬೇರೆ ಕಾಗದದಲ್ಲಿ ಬರೆದು ಸಹಿ ಹಾಕಿ ಇಟ್ಟಿದ್ದೇನೆ. ಅವನ ಹೆಸರು ಅಲ್ಲಿ ಬರೆಯಿಸಲು ಯಾರ ಎದುರು ನಿಂತು ಹೇಳಬೇಕಾದರೂ ಹೇಳುತ್ತೇನೆ. ನನ್ನನ್ನು ಏನು ಮಾಡಬೇಕೆಂಬುದು ನಿಮಗೂ ನಿಮ್ಮವರಿಗೂ ಬಿಟ್ಟದ್ದು.

ಇದನ್ನು ಅಂಚೆಗೆ ಹಾಕುವುದಿಲ್ಲ. ನಿಮಗೆ ಬರುವ ಪತ್ರಗಳನ್ನೆಲ್ಲ ಈಗ ಓದಿ ಹೇಳುವವಳು ಸಫಿಯಾ. ತಂದೆ ಸತ್ತದ್ದನ್ನು ತಾನೇ ತಾಯಿಗೆ ಓದಿ ಹೇಳುವ ಕೆಲಸ ಅವಳ ಪಾಲಿಗೆ ಬರಬಾರದು. ನಾನೇ ತಂದು, ನಿಮ್ಮಿಬ್ಬರ ಎದುರು ನಿಂತು ಓದುತ್ತೇನೆ. ನನ್ನ ಕಣ್ಣು ಮಂಜು ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ನನ್ನನ್ನು ನಾನು ಬಲ್ಲೆ — ನಡುವೆ ಎಲ್ಲಾದರೂ ನಿಲ್ಲಿಸಿಬಿಡುತ್ತೇನೆ. ನಿಲ್ಲಿಸಿದರೆ, ಓದು ಎಂದು ಹೇಳಿ.